ಮಾವನವರ ತೇಗದ ಕುರ್ಚಿ

ಗೋಂದಣ್ಣನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಸಂಬಳದ ದಿನ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಮನೆಯಲ್ಲಿ, ಬೀದಿಯಲ್ಲಿ, ಅವನು ಗುಮಾಸ್ತನಾಗಿದ್ದ ಪಾರ್ಸೆಲ್ ಕಚೇರಿಯಲ್ಲಿ, ಎಲ್ಲ ಕಡೆಯೂ ಅವನು ಗೋಂದಣ್ಣನೇ. ಅವನ ಬೆರಳುಗಳಿಗೆ ಸದಾ ಗೋಂದು ಮೆತ್ತಿಕೊಂಡಿರುತ್ತಿತ್ತು. ಕೈ ಕುಲುಕಿದವರು ಬಿಡಿಸಿಕೊಳ್ಳಲು ತುಸು ಹೊತ್ತು ಹಿಡಿಯುತ್ತಿತ್ತು. ಅದನ್ನು ಅವನು ತನ್ನ ಮೇಲಿನ ಸ್ನೇಹವೆಂದು ತಿಳಿದಿದ್ದ.

ಜನ ಎಸೆದದ್ದನ್ನೆಲ್ಲ ಮನೆಗೆ ತಂದು ಇನ್ನೊಂದು ವಸ್ತು ಮಾಡುವುದು ಅವನ ಹವ್ಯಾಸ. ಮೊಟ್ಟೆಯ ಟ್ರೇಗಳಿಂದ ದೀಪದ ಬುಟ್ಟಿ ಮಾಡಿದ್ದ. ಹಳೆಯ ಟೂತ್‌ಬ್ರಷ್‌ಗಳನ್ನು ಕಾಯಿಸಿ ಬಗ್ಗಿಸಿ ಟವೆಲ್ ಕೊಕ್ಕೆ ಮಾಡಿದ್ದ. ಷಾಂಪೂ ಬಾಟಲಿಯನ್ನು ಕತ್ತರಿಸಿ ಪೆನ್ನಿನ ಸ್ಟ್ಯಾಂಡ್ ಮಾಡಿದ್ದ. ಅದರಿಂದ ತೆಗೆದ ಪೆನ್ನು ಬರೆಯುವುದಕ್ಕೆ ಮೊದಲು ನೊರೆ ಬಿಡುತ್ತಿತ್ತು. ಹರಿದ ಪ್ಯಾಂಟಿನ ಒಂದು ಕಾಲಿನಿಂದ ಛತ್ರಿಯ ಚೀಲ ಮಾಡಿದ್ದ, ಇನ್ನೊಂದು ಕಾಲು ಯೋಜನೆಯ ಹಂತದಲ್ಲಿತ್ತು.

ಇವೆಲ್ಲ ಈಗ ಎಲ್ಲಿವೆ ಎಂದು ಕೇಳಬಾರದು. ಮನೆಯ ಆಡಳಿತ ಅವನ ಅತ್ತೆಯ ಕೈಯಲ್ಲಿತ್ತು. ಸಣ್ಣ ದೇಹ, ಉದ್ದ ಊರುಗೋಲು, ಆ ಊರುಗೋಲಿಗಿಂತ ಗಟ್ಟಿಯಾದ ಮಾತು. ಅಳಿಯನ ಕೈಯಿಂದ ಹೊಸದೊಂದು ವಸ್ತು ಹುಟ್ಟಿತೆಂದರೆ ಅದು ಮುಂದಿನ ಕಸದ ಗಾಡಿ ಬರುವವರೆಗೆ ಬದುಕಿರುತ್ತಿತ್ತು. ಗಾಡಿಯವನಿಗೂ ಅದು ರೂಢಿಯಾಗಿ ಹೋಗಿತ್ತು.

"ಅಜ್ಜಿ, ಈ ವಾರ ಅಳಿಯಂದಿರದ್ದು ಏನಿದೆ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

ಗೋಂದಣ್ಣನಿಗೆ ಜೀವನದಲ್ಲಿ ಇದ್ದದ್ದು ಒಂದೇ ಆಸೆ. ತನ್ನ ಕೈಯಾರೆ ಮಾಡಿದ ಒಂದೇ ಒಂದು ವಸ್ತು ಮುಂದಿನ ಕೋಣೆಯಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲಬೇಕು, ಬಂದವರು ನೋಡಿ "ಇದು ಯಾರು ಮಾಡಿದ್ದು?" ಎಂದು ಕೇಳಬೇಕು, ಆಗ ತಾನು ಏನೂ ಅಲ್ಲವೆಂಬಂತೆ ಕೆಮ್ಮಬೇಕು. ಆ ಕೆಮ್ಮನ್ನು ಅವನು ಬಹಳ ಸಲ ಅಭ್ಯಾಸ ಮಾಡಿಕೊಂಡಿದ್ದ.

ಅತ್ತೆಗೆ ಮಂಡಿನೋವು. ಮನೆಯ ತಗ್ಗಾದ ಸೋಫಾದಲ್ಲಿ ಕೂತರೆ ಏಳಲು ಇಬ್ಬರು ಬೇಕು. ಒಂದು ಕಡೆ ಮಗಳು, ಇನ್ನೊಂದು ಕಡೆ ಅಳಿಯ ಹಿಡಿದು ಎಬ್ಬಿಸುವಾಗ ಆಕೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಜೀವಮಾನವೆಲ್ಲ ಬೇರೆಯವರನ್ನು ಎಬ್ಬಿಸಿದವಳಿಗೆ ತನ್ನನ್ನು ಎಬ್ಬಿಸುವುದು ಅವಮಾನ. ಗೋಂದಣ್ಣ ಇದನ್ನು ನೋಡಿದ್ದ. ಆಕೆ ಮಧ್ಯಾಹ್ನ ತೂಕಡಿಸುವಾಗ ದಾರವೊಂದನ್ನು ತಂದು ಪಾದದಿಂದ ಮಂಡಿಯವರೆಗೆ ಅಳತೆ ತೆಗೆಯತೊಡಗಿದ. ಆಕೆ ಕಣ್ಣು ಬಿಟ್ಟಳು.

"ಏನು ಅಳಿಯಂದ್ರೇ, ಕಾಲಿಗೆ ಹಗ್ಗ ಕಟ್ತಾ ಇದ್ದೀರಾ? ನಾನೆಲ್ಲಿ ಓಡಿಹೋಗ್ತೀನಿ?"

"ಏನಿಲ್ಲ ಅತ್ತೆ, ಇರುವೆ ಹತ್ತಿತ್ತು" ಎಂದು ಗೋಂದಣ್ಣ ದಾರವನ್ನು ಬಾಯಿಗೆ ಹಾಕಿಕೊಂಡ.

ಆ ಅಳತೆಯಿಂದ ಕುರ್ಚಿ ಹುಟ್ಟಿತು. ಕಚೇರಿಯಲ್ಲಿ ಹರಿದ ರಟ್ಟಿನ ಡಬ್ಬಗಳಿಗೆ ಬರವಿರಲಿಲ್ಲ. ಆ ಕಚೇರಿಯಿಂದ ಒಂದಾಗಿ ಹೊರಟ ಗಾಜಿನ ಹೂಜಿ ಸೇರಬೇಕಾದ ಮನೆಯನ್ನು ಸೇರುವಷ್ಟರಲ್ಲಿ ಹಲವಾಗಿರುತ್ತಿತ್ತು, ಹಾಗಾಗಿ ಹಿಂದಕ್ಕೆ ಬರುವ ಡಬ್ಬಗಳೂ ಹೆಚ್ಚು. ಗೋಂದಣ್ಣ ರಟ್ಟನ್ನು ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಗೂ ಕಚ್ಚು ಕೊಯ್ದು, ಒಂದರೊಳಗೊಂದು ಸಿಕ್ಕಿಸಿ ಜಾಲರಿ ಕಟ್ಟಿದ. ಹಿಟ್ಟು ಕುದಿಸಿ ಅಂಟು ಮಾಡಿ ಅದರ ಮೇಲೆ ಪದರ ಪದರವಾಗಿ ಹಳೆಯ ಪತ್ರಿಕೆ ಮೆತ್ತಿದ. ಒಣಗಿದ ಮೇಲೆ ಚಹಾದ ಚರಟ ಕುದಿಸಿದ ಬಣ್ಣ ಬಳಿದು, ಅದು ಹಸಿಯಿರುವಾಗಲೇ ಹಲ್ಲು ಮುರಿದ ಬಾಚಣಿಗೆ ಎಳೆದು ಮರದ ಗೆರೆ ಮೂಡಿಸಿದ. ಹೆಬ್ಬೆರಳು ಒತ್ತಿ ತಿರುಗಿಸಿ ಅಲ್ಲಲ್ಲಿ ಮರದ ಗಂಟು ಇಟ್ಟ. ಮೇಲೆ ವಾರ್ನಿಷ್. ಪತ್ರಿಕೆ ಮುಗಿದುಹೋದ ಕಾರಣ ಕುರ್ಚಿಯ ತಳಕ್ಕೆ ಹಾಸಿದ ರಟ್ಟು ಮಾತ್ರ ಬರಿದಾಗಿ ಉಳಿಯಿತು. ತಳವನ್ನು ಯಾರು ನೋಡುತ್ತಾರೆ?

ಪರೀಕ್ಷೆಯೂ ನಡೆಯಿತು. ಮೊದಲು ತಾನು ಕೂತ. ಆಮೇಲೆ ಅದರ ಮೇಲೆ ನಿಂತು ಕುಣಿದ. ಕೊನೆಗೆ ಹೆಂಡತಿಯನ್ನು ಕೂರಿಸಿ ಅವಳ ಮಡಿಲಲ್ಲಿ ತಾನೂ ಕೂತ. ಹೆಂಡತಿ ನರಳಿದಳು, ಕುರ್ಚಿ ನರಳಲಿಲ್ಲ.

ಅತ್ತೆ ಬಂದು ಊರುಗೋಲಿನಿಂದ ಒಮ್ಮೆ ಚುಚ್ಚಿ ನೋಡಿದಳು.

"ಇದು ರದ್ದಿ ತಾನೇ?"

"ರಟ್ಟು ಅತ್ತೆ. ನಿಮಗೋಸ್ಕರಾನೇ ಮಾಡಿದ್ದು. ಎತ್ತರ ನೋಡಿ, ಕೂತ್ರೆ ಯಾರ ಸಹಾಯಾನೂ ಬೇಡ..."

"ನಾನು ರದ್ದಿ ಮೇಲೆ ಕೂರೋಳಲ್ಲ. ನಾಳೆ ಗಾಡಿ ಬರುತ್ತೆ."

ಗೋಂದಣ್ಣ ಕುರ್ಚಿಯನ್ನು ಬಾಗಿಲ ಬಳಿ ಇಟ್ಟು, ಅದರ ಗಂಟನ್ನೊಮ್ಮೆ ಸವರಿ ಒಳಗೆ ಹೋದ.

ಆದರೆ ಗಾಡಿಗೆ ಮೊದಲು ಮೇಲ್ಮನೆಯ ಮ್ಯಾನೇಜರ್ ಬಂದರು. ಅವರು ಗೋಂದಣ್ಣನ ಕಚೇರಿಗೂ ಮ್ಯಾನೇಜರ್, ಅವನ ತಲೆಯ ಮೇಲಿನ ಮಹಡಿಗೂ ಬಾಡಿಗೆದಾರರು. ಹಗಲೂ ರಾತ್ರಿಯೂ ಮೇಲಧಿಕಾರಿಯೇ. ನಲ್ಲಿಯಲ್ಲಿ ನೀರು ಏಕೆ ಬರುತ್ತಿಲ್ಲ ಎಂದು ವಿಚಾರಿಸಲು ಇಳಿದು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಅಬ್ಬಬ್ಬಾ! ತೇಗ!" ಎಂದರು.

ಅತ್ತೆ ಸೋಫಾದಲ್ಲಿದ್ದಳು. ಮನೆಯ ಮುಂಬಾಗಿಲಲ್ಲಿ ರದ್ದಿಯ ಕುರ್ಚಿ ಇಟ್ಟುಕೊಂಡಿದ್ದೇವೆ ಎಂದು ಅಳಿಯನ ಮ್ಯಾನೇಜರ್‌ಗೆ ಹೇಳುವುದು ಹೇಗೆ? ಮರ್ಯಾದೆಯ ಪ್ರಶ್ನೆ. ಆಕೆಯ ನಾಲಿಗೆ ಆಕೆಯನ್ನು ಕೇಳದೆಯೇ ಹೊರಟುಹೋಯಿತು.

"ಹೂಂ. ನಮ್ಮ ಯಜಮಾನರ ಕಾಲದ್ದು."

ಒಳಗಿನಿಂದ ಬರುತ್ತಿದ್ದ ಗೋಂದಣ್ಣ, ಕೆಮ್ಮಲು ಬಾಯಿ ತೆರೆದವನು, ಹಾಗೇ ನಿಂತ. ಮಾವನವರು ಬದುಕಿದ್ದಷ್ಟು ಕಾಲವೂ ತಗಡಿನ ಸ್ಟೂಲಿನ ಮೇಲೆ ಕೂತಿದ್ದವರು ಎಂಬುದು ಮನೆಮಂದಿಗೆಲ್ಲ ಗೊತ್ತಿತ್ತು.

"ಇಂಥ ಕೆಲಸ ಈಗ ಯಾರು ಮಾಡ್ತಾರೆ? ಆ ಕಾಲದ ಕೈಗಳೇ ಬೇರೆ" ಎಂದು ಮ್ಯಾನೇಜರ್ ನಿಟ್ಟುಸಿರು ಬಿಟ್ಟು, ಎತ್ತಿ ನೋಡಲು ಬಗ್ಗಿದರು. ಅತ್ತೆಯ ಊರುಗೋಲು ಅಡ್ಡ ಬಂತು.

"ಎತ್ತಬಾರದು! ಹಿರಿಯ ಮಗಳು, ಅಳಿಯ ಬಿಟ್ಟು ಬೇರೆ ಯಾರೂ ಎತ್ತೋ ಹಾಗಿಲ್ಲ. ಯಜಮಾನರು ಕೊನೇಲಿ ಹಾಗಂತ ಹೇಳಿದ್ದಾರೆ."

ಹೀಗೆ ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಆಸರೆಯಾಯಿತು. ಮರುದಿನ ಕಸದ ಗಾಡಿ ಬಂದು ಕೂಗಿದಾಗ ಅತ್ತೆ ಕಿಟಕಿ ಮುಚ್ಚಿಕೊಂಡಳು. ಮ್ಯಾನೇಜರ್ ಕಣ್ಣಿಗೆ ಬಿದ್ದ ಕುರ್ಚಿಯನ್ನು ಇನ್ನು ಎಸೆಯುವಂತಿರಲಿಲ್ಲ. ಅದು ಮುಂದಿನ ಕೋಣೆಯಲ್ಲಿ ಬಾಗಿಲಿಗೆ ಎದುರಾಗಿ ನಿಂತಿತು. ಗೋಂದಣ್ಣನ ಆಸೆ ಪೂರ್ತಿ ಈಡೇರಿತ್ತು, ಮಾಡಿದವನು ಅವನಲ್ಲ ಎಂಬುದೊಂದನ್ನು ಬಿಟ್ಟು.

ಬೀದಿಯೆಲ್ಲ ನೋಡಲು ಬಂತು. ಎದುರುಮನೆಯ ಟೈಲರ್ ಬಂದು ಕೈಮುಗಿದುಕೊಂಡೇ ನೋಡಿದ. ಹಾಲಿನ ಅಂಗಡಿಯಾಕೆ "ಇದರ ಹೊಳಪು ನೋಡ್ರಿ, ಈಗಿನ ಮರಕ್ಕೆ ಎಲ್ಲಿ ಬರುತ್ತೆ" ಎಂದಳು. ಬಂದವರಿಗೆಲ್ಲ ಅತ್ತೆ ಹೊಸ ಹೊಸ ಇತಿಹಾಸ ಹೇಳುತ್ತಿದ್ದಳು. ಅದರ ಮೇಲೆ ಕೂತುಕೊಳ್ಳಿ ಎಂದು ಯಾರಾದರೂ ಆಕೆಗೆ ಹೇಳಿದರೆ, "ಅವರ ಜಾಗದಲ್ಲಿ ನಾನು ಕೂರ್ತೀನಾ?" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ನಿಜವಾದ ಕಾರಣವೆಂದರೆ ಅದು ಕುಸಿಯುತ್ತದೆಂಬ ಭಯ.

ಸುದ್ದಿ ಕಿರಿಯ ಮಗಳ ಮನೆಗೂ ಹೋಯಿತು. ಆಕೆಯ ಗಂಡ, ಅಂದರೆ ಗೋಂದಣ್ಣನ ಷಡ್ಡಕ, ಪೀಠೋಪಕರಣದ ದೊಡ್ಡ ಅಂಗಡಿಯ ಮಾಲೀಕ. ಅವನಿಗೆ ಗೊತ್ತಿಲ್ಲದ ಮರ ಇನ್ನೂ ಬೀಜದಲ್ಲೇ ಇತ್ತು. ಕೊನೆಯ ಪಕ್ಷ ಅವನು ಹಾಗೆ ನಂಬಿದ್ದ. ಬಂದವನೇ ಕುರ್ಚಿಯ ಬೆನ್ನಿಗೆ ಬೆರಳ ಗಂಟಿನಿಂದ ತಟ್ಟಿದ. ಡಬ್ ಡಬ್ ಎಂದಿತು. ಗೋಂದಣ್ಣ ಗೋಡೆಗೆ ಒರಗಿ ಉಸಿರು ಹಿಡಿದ.

"ಕೇಳಿದ್ರಾ? ಈ ಪೊಳ್ಳು ಸದ್ದು ಕೇಳಿದ್ರಾ?" ಷಡ್ಡಕ ಕಣ್ಣರಳಿಸಿದ. "ತೇಗ ಒಂದು ತಲೆಮಾರು ಒಣಗಿದ್ರೆ ಮಾತ್ರ ಈ ಸದ್ದು ಬರೋದು. ಬೇರೆ ಯಾವ ಮರಕ್ಕೂ ಬರಲ್ಲ. ನನ್ನ ಮಾತು ಬರೆದಿಟ್ಕೊಳ್ಳಿ."

ಕಿರಿಯ ಮಗಳು ಕುರ್ಚಿಯ ಕೈಯನ್ನು ತಬ್ಬಿಕೊಂಡಳು. "ಅಪ್ಪನ ಕುರ್ಚಿ! ನಂಗೆ ಚೆನ್ನಾಗಿ ನೆನಪಿದೆ. ನಾನು ಚಿಕ್ಕವಳಿದ್ದಾಗ ಇದರ ಮೇಲಿಂದ್ಲೇ ಬಿದ್ದಿದ್ದು. ನೋಡಿ, ಗಾಯದ ಗುರುತು ಇಲ್ಲೇ ಇದೆ." ಹಣೆಯ ಕೂದಲು ಸರಿಸಿ ಎಲ್ಲರಿಗೂ ತೋರಿಸಿದಳು. ಗೋಂದಣ್ಣನ ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಓಡಿ ಪಾತ್ರೆಯೊಂದನ್ನು ಬೀಳಿಸಿದಳು.

"ಇಷ್ಟು ದಿನ ಇದನ್ನ ಎಲ್ಲಿ ಮುಚ್ಚಿಟ್ಟಿದ್ರಿ ಅಮ್ಮ?" ಎಂದು ಕಿರಿಯ ಮಗಳು ಅಳುತ್ತ ಕೇಳಿದಳು. "ಅಕ್ಕನಿಗೆ ಕೊಡೋಕಾ? ಅಪ್ಪನ ವಸ್ತುವಿನಲ್ಲಿ ನಂಗೆ ಪಾಲಿಲ್ವಾ?"

"ಇದನ್ನ ಅಂಗಡಿಯ ಗಾಜಿನ ಕಿಟಕೀಲಿ ಇಡ್ತೀನಿ ಅತ್ತೆ" ಎಂದ ಷಡ್ಡಕ. "ಮಾವನವರ ಫೋಟೊ ಪಕ್ಕದಲ್ಲಿ. ಕೆಳಗೆ ಒಂದು ಫಲಕ."

ಅತ್ತೆ ಪೂರಾ ಸಿಕ್ಕಿಬಿದ್ದಿದ್ದಳು. ಕೊಟ್ಟರೆ ರದ್ದಿಯೂ ತೊಲಗುತ್ತದೆ, ಸುಳ್ಳೂ ಉಳಿಯುತ್ತದೆ. "ವ್ಯಾನ್ ತಂದಾಗ ತಗೊಂಡು ಹೋಗಿ" ಎಂದುಬಿಟ್ಟಳು.

"ಅವನು ಎತ್ತಿದ ಕೂಡ್ಲೇ ಗೊತ್ತಾಗಲ್ವಾ?" ಎಂದು ಹಿರಿಯ ಮಗಳು ಆಮೇಲೆ ಪಿಸುಗುಟ್ಟಿದಳು.

"ಚೆನ್ನಾಗಿ ಒಣಗಿದೆ ಅಂತಾನೆ ಬಿಡು. ಒಂದ್ಸಲ ತೇಗ ಅಂದ ಮೇಲೆ ಅವನ ಬಾಯಲ್ಲಿ ಬೇರೆ ಹೆಸರು ಬರಲ್ಲ."

ಗೋಂದಣ್ಣನಿಗೆ ಅಂದು ಊಟ ಸೇರಲಿಲ್ಲ. ಕಸದ ಗಾಡಿಗೆ ಹೋದವೆಲ್ಲ ಅವನ ವಸ್ತುಗಳಾಗಿಯೇ ಹೋಗಿದ್ದವು. ಇದು ಇನ್ನೊಬ್ಬರದ್ದಾಗಿ ಹೋಗುತ್ತಿತ್ತು. ನಿಜ ಹೇಳಿದರೆ ಅತ್ತೆ ಬೀದಿಯ ಬಾಯಿಗೆ ಸುಳ್ಳುಗಾತಿಯಾಗುತ್ತಾಳೆ. ಅದು ಅವನಿಂದಾಗದು. ದುಃಖವಾಯಿತು, ಬಹಳ ದುಃಖವಾಯಿತು, ಆದರೆ ಬಾಯಿ ತೆರೆಯಲಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಮತ್ತೆ ಇಳಿದು ಬಂದರು. "ಗೋಂದಣ್ಣ, ಕುರ್ಚಿ ಕೊಡೋಕೆ ಮುಂಚೆ ಒಂದು ದಿನ ನನಗೆ ಬೇಕು. ದೊಡ್ಡ ಸಾಹೇಬರು ಕಚೇರಿಯ ವಾರ್ಷಿಕ ಸಭೆಗೆ ಬರ್ತಿದ್ದಾರೆ. ಹೋದ ಸಲ ಪ್ಲಾಸ್ಟಿಕ್ ಕುರ್ಚಿ ಕಾಲು ಅಗಲಿಸಿಬಿಡ್ತು. ಭಾಷಣದ ಉಳಿದರ್ಧ ಅವರು ನೆಲದಿಂದ್ಲೇ ಮಾಡಬೇಕಾಯ್ತು. ಈ ಸಲ ಅವರಿಗೆ ಏನಾದ್ರೂ ಆದ್ರೆ ನನ್ನನ್ನ ಯಾವುದೋ ಕಾಡಿನ ಕಚೇರಿಗೆ ಎಸೀತಾರೆ. ನಾನೊಬ್ಬನೇ ಹೋಗಲ್ಲ, ನಿನ್ನನ್ನೂ ಕರ್ಕೊಂಡು ಹೋಗ್ತೀನಿ!"

ಸಭೆಯ ಬೆಳಗ್ಗೆ ಗೋಂದಣ್ಣ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಹಿಡಿದು ಕುರ್ಚಿಯನ್ನು ಬೀದಿಗೆ ತಂದರು. ಬಾಗಿಲು ಬಾಗಿಲಲ್ಲೂ ಜನ. ಇಬ್ಬರೂ ಸೊಂಟ ಬಗ್ಗಿಸಿ, ಹಲ್ಲು ಕಚ್ಚಿ, ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಟ್ಟರು. ಮೊದಲ ತಿರುವಿನಲ್ಲೇ ಹೆಂಡತಿ ಮೈಮರೆತು ಏನೋ ಗುನುಗತೊಡಗಿದಳು.

"ನರಳೇ, ನರಳು!" ಎಂದು ಗೋಂದಣ್ಣ ಪಿಸುಗುಟ್ಟಿದ.

"ನರಳಿ ನರಳಿ ಗಂಟಲು ಒಣಗಿದೆ ಕಣ್ರೀ. ನೀವು ಸ್ವಲ್ಪ ಹೊತ್ತು ನರಳಿ."

ಆಗ ಎದುರಿನಿಂದ ಗಾಳಿ ಬೀಸಿತು. ಕುರ್ಚಿ ಮೇಲೇಳಲು ನೋಡಿತು. ಇಬ್ಬರೂ ಅದರ ಕೈಕಾಲು ಬಿಗಿಹಿಡಿದು ಜೋತುಬಿದ್ದರು. "ಪಾಪ, ಎಷ್ಟು ಭಾರ ಇರಬೇಕು, ಅವರನ್ನೇ ಎಳ್ಕೊಂಡು ಹೋಗ್ತಿದೆ" ಎಂದು ಟೈಲರ್ ಮರುಗಿದ.

ಸಭಾಂಗಣವೆಂದರೆ ಪಾರ್ಸೆಲ್ ಗೋದಾಮು. ಡಬ್ಬಗಳನ್ನು ಗೋಡೆಗೆ ಸರಿಸಿ, ಮುಂದೆ ತಗ್ಗಾದ ವೇದಿಕೆ ಹಾಕಿ, ನಡುವೆ ಕುರ್ಚಿ ಇಟ್ಟಿದ್ದರು. "ಕುರ್ಚಿಯ ಒಡತಿ" ಎಂದು ಅತ್ತೆಗೆ ಮುಂದಿನ ಸಾಲಿನಲ್ಲಿ ಜಾಗ. ಷಡ್ಡಕ ಹೊರಗೆ ವ್ಯಾನ್ ನಿಲ್ಲಿಸಿ, ಸಭೆ ಮುಗಿದ ಕೂಡಲೇ ಸಾಗಿಸಲು ಹೆಂಡತಿಯೊಡನೆ ಪಕ್ಕದಲ್ಲೇ ಕೂತಿದ್ದ.

ದೊಡ್ಡ ಸಾಹೇಬರು ಬಂದರು. ಬಾಗಿಲು ಅವರಿಗೆ ದಾರಿ ಬಿಟ್ಟಿತೋ ಅವರೇ ಬಾಗಿಲಿಗೆ ದಾರಿ ಬಿಟ್ಟರೋ ಹೇಳುವುದು ಕಷ್ಟ. ಆ ಗಾತ್ರದ ಮನುಷ್ಯ. ಹೋದ ವರ್ಷದ ನೆನಪಾಗಿ ಕುರ್ಚಿಯನ್ನು ಅನುಮಾನದಿಂದ ನೋಡಿದರು. "ತೇಗ ಸಾರ್!" ಎಂದರು ಮ್ಯಾನೇಜರ್. ಸಾಹೇಬರು ತಿರುಗಿದರು, ಇಳಿದರು. ಅತ್ತೆ ಕಣ್ಣು ಮುಚ್ಚಿಕೊಂಡಳು. ಹೆಂಡತಿ ಗೋಂದಣ್ಣನ ತೋಳಿಗೆ ಉಗುರು ಊರಿದಳು.

ಕಿರ್ರ್ ಎಂದಿತು.

ಅದು ಮ್ಯಾನೇಜರ್ ಬೂಟು. ಕುರ್ಚಿ ತುಟಿಪಿಟಕ್ಕೆನ್ನಲಿಲ್ಲ. ಸ್ವಾಗತ ಭಾಷಣ ಮುಗಿಯಿತು, ಅದು ನಿಂತೇ ಇತ್ತು. ಮ್ಯಾನೇಜರ್ ವರದಿ ಓದಿದರು. ಕೇಳುವವರು ಕುಸಿದರು, ಅದು ಕುಸಿಯಲಿಲ್ಲ. ಗೋಂದಣ್ಣನ ಎದೆ ಅಂಗಿಯೊಳಗೆ ಉಬ್ಬತೊಡಗಿತು. ಪ್ರತಿಯೊಂದು ಪಟ್ಟಿ, ಪ್ರತಿಯೊಂದು ಕಚ್ಚು ಅವನಿಗೆ ಕಣ್ಣಿಗೆ ಕಟ್ಟುತ್ತಿತ್ತು. ನಿಲ್ಲು ಮಗನೇ, ನಿಲ್ಲು ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿದ.

ಸಾಹೇಬರು ಮಾತಿಗೆ ಎದ್ದರು. ಎದ್ದವರು ಬೆರಗಾಗಿ ಹಿಂದೆ ತಿರುಗಿ ನೋಡಿದರು. ಮತ್ತೆ ಕೂತರು. ಮತ್ತೆ ಎದ್ದರು.

"ನೋಡಿ, ನಂಗೆ ಮಂಡಿನೋವು" ಎಂದರು ಮೈಕಿನಲ್ಲಿ. "ಯಾವ ಕುರ್ಚಿಯಿಂದ ಏಳ್ಬೇಕಾದ್ರೂ ಇಬ್ಬರು ಬೇಕು. ಇದರಿಂದ ನಾನೊಬ್ಬನೇ ಎದ್ದೆ! ಇದನ್ನ ಮಾಡಿದವನು ಮಂಡಿನೋವಿರೋ ಯಾರಿಗೋ ಪ್ರೀತಿಯಿಂದ ಅಳತೆ ತೆಗೆದು ಮಾಡಿದ್ದಾನೆ. ಯಾರ್ರೀ ಆ ಬಡಗಿ?"

ಅತ್ತೆ ತಲೆ ಎತ್ತಿದಳು. ಅಳಿಯ ತನ್ನ ಕಾಲಿಗೆ ಹಿಡಿದಿದ್ದ ದಾರ ಆಕೆಗೆ ನೆನಪಾಯಿತು.

"ಸಾರ್, ಹಳೇ ಕಾಲದ ಕುರ್ಚಿ. ಅವನು ಸತ್ತು ಎಷ್ಟೋ ವರ್ಷ ಆಗಿರಬೇಕು" ಎಂದರು ಮ್ಯಾನೇಜರ್.

"ಹಾಗಾದ್ರೆ ಎಲ್ಲರೂ ಎದ್ದು ನಿಲ್ಲಿ. ಆ ಅಗಲಿದ ಕಲಾವಿದನಿಗೆ ಮೌನ ಶ್ರದ್ಧಾಂಜಲಿ ಸಲ್ಲಿಸೋಣ."

ಗೋದಾಮು ಎದ್ದು ನಿಂತಿತು. ಮ್ಯಾನೇಜರ್ ಕೈಕಟ್ಟಿದರು. ಷಡ್ಡಕ ಕಣ್ಣು ಮುಚ್ಚಿದ. ಕಿರಿಯ ಮಗಳು ಮೂಗು ಸೆಳೆದಳು. ಎಲ್ಲರೂ ನಿಂತಿರುವಾಗ ತಾನೊಬ್ಬ ಕೂರುವುದು ಸರಿಯಲ್ಲವೆಂದು ಗೋಂದಣ್ಣನೂ ಎದ್ದು, ತಲೆ ತಗ್ಗಿಸಿ, ತನ್ನ ಆತ್ಮಕ್ಕೆ ತಾನೇ ಶಾಂತಿ ಕೋರಿದ. ಎದ್ದು ನಿಲ್ಲದೆ ಉಳಿದವಳು ಅತ್ತೆ ಒಬ್ಬಳೇ. ತಗ್ಗಾದ ಪ್ಲಾಸ್ಟಿಕ್ ಕುರ್ಚಿ ಆಕೆಯನ್ನು ಬಿಡುತ್ತಿರಲಿಲ್ಲ. ಅಲ್ಲಿಂದಲೇ ಆಕೆ ಅಳಿಯನನ್ನು ನೋಡಿದಳು. ತಗ್ಗಿದ ತಲೆ, ಗೋಂದು ಮೆತ್ತಿದ ಬೆರಳು.

"ಸಾಕು ನಿಲ್ಸಿ!" ಊರುಗೋಲು ನೆಲಕ್ಕೆ ಬಡಿಯಿತು. "ಬದುಕಿರೋ ಮನುಷ್ಯನಿಗೆ ಶ್ರದ್ಧಾಂಜಲಿ ಮಾಡ್ತೀರಾ? ಅವನು ಸತ್ತಿಲ್ಲ! ಅಗೋ, ಅಲ್ಲಿ ಬೆಪ್ಪನ ಹಾಗೆ ತಲೆ ತಗ್ಗಿಸಿ ನಿಂತಿದ್ದಾನಲ್ಲ, ನನ್ನ ಅಳಿಯ! ಅವನೇ ಮಾಡಿದ್ದು. ತೇಗವೂ ಇಲ್ಲ, ಯಜಮಾನರೂ ಇಲ್ಲ. ಅದು ರಟ್ಟು. ನಾನು ಹೇಳಿದ್ದೆಲ್ಲ ಸುಳ್ಳು."

ಗೋದಾಮಿನಲ್ಲಿ ಈಗ ನಿಜವಾದ ಮೌನ. ಅದನ್ನು ಮುರಿದವನು ಷಡ್ಡಕ.

"ಅತ್ತೆಗೆ ವಯಸ್ಸಾಯ್ತು, ಕ್ಷಮಿಸಿ ಸಾರ್. ಮೂವತ್ತು ವರ್ಷದಿಂದ ಮರ ನೋಡ್ತಿದ್ದೀನಿ. ಇದು ರಟ್ಟಾದ್ರೆ ನಾನೂ ರಟ್ಟೇ."

"ಹಾಗಾದ್ರೆ ನೀನೂ ರಟ್ಟೇ. ಏ ಹುಡುಗಿ, ಎಬ್ಬಿಸೇ ನನ್ನ" ಎಂದಳು ಅತ್ತೆ. ಹಿರಿಯ ಮಗಳು ಎಬ್ಬಿಸಿದಳು. ಆಕೆ ಟಕ ಟಕ ಊರುತ್ತ ವೇದಿಕೆ ಹತ್ತಿ, ಊರುಗೋಲಿನ ಬಾಗಿದ ಹಿಡಿಯನ್ನು ಕುರ್ಚಿಯ ಕೈಗೆ ಸಿಕ್ಕಿಸಿ, ಬಟ್ಟೆ ಒಣಹಾಕುವವಳಂತೆ ಮೇಲೆತ್ತಿಬಿಟ್ಟಳು. ಆಗಷ್ಟೇ ದೊಡ್ಡ ಸಾಹೇಬರನ್ನು ಹೊತ್ತಿದ್ದ ಕುರ್ಚಿ ಆ ಮುದುಕಿಯ ಕೋಲಿನ ತುದಿಯಲ್ಲಿ ಗಿರಗಿರನೆ ತಿರುಗಿತು. ಅದರ ತಳ ಸಭೆಯ ಕಡೆ ಬಂತು. ಅಲ್ಲಿ ಕಚೇರಿಯ ಕೆಂಪು ಮುದ್ರೆ ದಪ್ಪಕ್ಷರಗಳಲ್ಲಿ ಕಾಣಿಸಿತು: ಜೋಪಾನ! ಬೇಗ ಒಡೆಯುವ ವಸ್ತು.

ಸಾಹೇಬರು ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಮ್ಯಾನೇಜರ್ ಕಾಡಿನ ಕಚೇರಿಯನ್ನು ಕಣ್ಣಾರೆ ಕಂಡರು.

"ಮ್ಯಾನೇಜರೇ" ಎಂದರು ಸಾಹೇಬರು ನಿಧಾನವಾಗಿ, "ನಮ್ಮ ಕಚೇರಿಯ ಡಬ್ಬದಲ್ಲಿ ಒಡೆಯದೆ ಉಳಿದ ಮೊದಲ ವಸ್ತು ಇದು!"

ಹೇಳಿ ಗಹಗಹಿಸಿ ನಕ್ಕರು. ಗೋದಾಮು ಚಪ್ಪಾಳೆಯಿಂದ ಅದುರಿತು. ಗೋಂದಣ್ಣನನ್ನು ವೇದಿಕೆಗೆ ತಳ್ಳಿದರು. ಸಾಹೇಬರು ಅವನ ಕೈ ಕುಲುಕಿದರು. ಬಿಡಿಸಿಕೊಳ್ಳಲು ತುಸು ಹೊತ್ತು ಹಿಡಿಯಿತು.

"ಇದನ್ನ ನೀವೇ ಮಾಡಿದ್ದಾ?"

ಬಂತು, ಆ ಪ್ರಶ್ನೆ ಬಂದೇಬಿಟ್ಟಿತು. ಗೋಂದಣ್ಣ ಕೆಮ್ಮಲು ಹೋದ. ಅಷ್ಟು ಅಭ್ಯಾಸ ಮಾಡಿದ್ದ ಕೆಮ್ಮು ಗಂಟಲಲ್ಲೇ ನಿಂತು, ಬದಲಿಗೆ ಕಣ್ಣಲ್ಲಿ ನೀರು ಬಂತು.

"ನಂಗೂ ಒಂದು ಮಾಡ್ಕೊಡ್ತೀರಾ?" ಎಂದರು ಸಾಹೇಬರು.

"ಮೊದ್ಲು ಮಂಡಿ ಅಳತೆ ಕೊಡಿ" ಎಂದು ಅತ್ತೆಯೇ ಉತ್ತರ ಕೊಟ್ಟಳು. "ಅವನು ದಾರ ತರ್ತಾನೆ. ಹೆದರ್ಕೋಬೇಡಿ."

"ಅಮ್ಮ, ಹಾಗಾದ್ರೆ ನನ್ನ ಹಣೆ ಗಾಯ?" ಎಂದಳು ಕಿರಿಯ ಮಗಳು ಕಂಗಾಲಾಗಿ.

"ಮೆಟ್ಟಿಲಿಂದ ಬಿದ್ದಿದ್ದು ಕಣೇ."

ಷಡ್ಡಕನ ವ್ಯಾನ್ ಖಾಲಿಯಾಗಿ ಹಿಂದಿರುಗಿತು. ರಟ್ಟೆಂದು ತನಗೆ ಮೊದಲ ದಿನವೇ ಅನುಮಾನವಿತ್ತೆಂದು ಅವನು ದಾರಿಯುದ್ದಕ್ಕೂ ಚಾಲಕನಿಗೆ ಹೇಳಿದನಂತೆ.

ಕುರ್ಚಿ ಮನೆಗೆ ಹೊರಟಾಗ ಗೋಂದಣ್ಣ ಅದನ್ನು ಹಿಡಿಯಲು ಹೋದ. ಅತ್ತೆ ಬಿಡಲಿಲ್ಲ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಕುರ್ಚಿ ನೇತಾಡಿಸಿಕೊಂಡು ಬೀದಿಯ ನಡುವೆಯೇ ನಡೆದಳು. ಟೈಲರ್ ಹೊಲಿಗೆ ನಿಲ್ಲಿಸಿ ಬಾಯಿ ತೆರೆದು ನೋಡಿದ.

"ತೇಗ ಅಲ್ಲಪ್ಪ, ರಟ್ಟು!" ಎಂದಳು ಆಕೆ, ಅವನು ಕೇಳದಿದ್ದರೂ. "ತೇಗದ ಕುರ್ಚಿ ಯಾರು ಬೇಕಾದ್ರೂ ತರ್ತಾರೆ. ರಟ್ಟಿಂದ ಮಾಡೋ ಅಳಿಯ ನಿಮ್ಮನೇಲಿದ್ದಾನಾ?"

ಆ ಸಂಜೆ ಮುಂದಿನ ಕೋಣೆಯಲ್ಲಿ ಆಕೆ ಮೊದಲ ಸಲ ಅದರ ಮೇಲೆ ಕೂತಳು. ಯಾರ ಕೈಯನ್ನೂ ಹಿಡಿಯದೆ ಎದ್ದಳು. ಮತ್ತೆ ಕೂತಳು, ಮತ್ತೆ ಎದ್ದಳು. ಕುಡಿಯಲು ನೀರು ಬೇಕೆಂದು ಎದ್ದಳು, ನೀರು ಬೇಡವೆಂದು ಕೂತಳು. ಬಾಗಿಲ ಮರೆಯಲ್ಲಿ ನಿಂತು ಗೋಂದಣ್ಣ ಇದನ್ನು ನೋಡುತ್ತಿದ್ದ. ಹೆಂಡತಿ ಪಕ್ಕಕ್ಕೆ ಬಂದು ಅವನ ಬೆರಳುಗಳನ್ನು ಹಿಡಿದುಕೊಂಡಳು. ಬಿಡಿಸಿಕೊಳ್ಳಲು ಅವಸರ ಮಾಡಲಿಲ್ಲ.

ಮರುದಿನ ಕಸದ ಗಾಡಿ ಬಂತು.

"ಅಜ್ಜಿ, ಈ ವಾರ ಅಳಿಯಂದಿರದ್ದು ಏನಿದೆ?"

ಅತ್ತೆ ಕುರ್ಚಿಯಿಂದ ಒಬ್ಬಳೇ ಎದ್ದು ಹೊರಗೆ ಬಂದಳು. ಊರುಗೋಲಿನಿಂದ ಗಾಡಿಯ ಅಂಚನ್ನು ತಟ್ಟಿ, ಕುತ್ತಿಗೆ ಚಾಚಿ ಒಳಗೆ ಇಣುಕಿದಳು.

"ಕೊಡೋಕೇನೂ ಇಲ್ಲ. ಆ ಮೂಲೇಲಿರೋ ರಟ್ಟು ಎಳೆದು ಕೊಡು, ಒದ್ದೆಯಾಗಿದ್ರೆ ಬೇಡ."